ಪಾಪುಗಳ ಹಾಲಿಗೊಂದು ಸಾಕೆಟ್

"ಈ ಕಾರಿನ ಡಿಕ್ಕೀಲಿ ಒಂದು ಸಾಕೆಟ್ ಬೇಕಿತ್ತು. ಆಗುತ್ತಾ?"

ಮಧುಕುಮಾರ್ ತಲೆ ಎತ್ತಿ ನೋಡಿದ. ಸುಂಕದಕಟ್ಟೆ ಬಸ್ ಸ್ಟಾಪಿನ ಹಿಂದೆ ಅವನದೊಂದು ಕಾರ್ ವೈರಿಂಗ್ ಅಂಗಡಿ. ಅಲ್ಲಿಗೆ ಬರುವವರೆಲ್ಲ ಹಾರ್ನ್ ಜೋರು ಮಾಡಿ, ಲೈಟ್ ಜಾಸ್ತಿ ಮಾಡಿ ಅನ್ನುವವರೇ. ಡಿಕ್ಕಿಗೆ ಸಾಕೆಟ್ ಕೇಳಿದವಳು ಇವಳೇ ಮೊದಲು. ಹಳದಿ ಕುರ್ತಾ, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಪೆನ್ನು, ಹಣೆಯ ಮೇಲೆ ಬೆವರಿನ ಒಂದೇ ಒಂದು ಹನಿ.

ಆ ಹನಿ ಜಾರಿ ಹುಬ್ಬು ಮುಟ್ಟುವವರೆಗೂ ಅವನು ಅದನ್ನೇ ನೋಡಿದ.

"ಆಗಲ್ವಾ?" ಅಂದಳು ಅವಳು.

"ಆಗುತ್ತೆ ಮೇಡಂ. ಬ್ಯಾಟರಿಯಿಂದಾನೇ ಬೇರೆ ವೈರ್ ಎಳೀಬೇಕು, ಸೀಟ್ ಕೆಳಗಿಂದ. ಎರಡು ಗಂಟೆ ಕೆಲಸ. ಏನು ಹಾಕ್ತೀರಾ ಅದಕ್ಕೆ?"

"ಫ್ರಿಜ್. ಕಾರಲ್ಲಿ ಇಡೋ ಚಿಕ್ಕದು ಇರುತ್ತಲ್ಲ, ಅದು. ಪಾಪುಗಳಿಗೆ ಹಾಲು ತಗೊಂಡು ಹೋಗ್ಬೇಕು. ಮಂಜುಗಡ್ಡೆ ಥರ ಇರುತ್ತೆ, ದಾರೀಲಿ ಕರಗಿದ್ರೆ ಚೆಲ್ಲೋದೇ. ಅವಳಿ ಹೆಣ್ಣುಮಕ್ಕಳು ಅಣ್ಣ, ಏಳು ತಿಂಗಳಿಗೇ ಹುಟ್ಬಿಟ್ವು. ಇನ್ನೂ ಆಸ್ಪತ್ರೇಲೇ ಇವೆ ನಮ್ಮ ಪುಟಾಣಿಗಳು."

ಅಣ್ಣ ಅಂದದ್ದು ಒಂದು ಏಟು. ಪುಟಾಣಿಗಳು ಅಂದದ್ದು ಇನ್ನೊಂದು. ಕತ್ತಿನಲ್ಲಿ ತಾಳಿ ಕಾಣಲಿಲ್ಲ, ಕುರ್ತಾದೊಳಗೆ ಇರಬೇಕು ಅಂದುಕೊಂಡ. ಐದು ನಿಮಿಷದ ಹಿಂದೆ ಕಂಡವಳಿಗೆ ಮದುವೆಯಾಗಿದ್ದರೆ ತಾನೇಕೆ ಹೀಗೆ ಸಪ್ಪಗಾಗಬೇಕೋ, ಅವನಿಗೇ ತಿಳಿಯಲಿಲ್ಲ.

ಕೆಲಸ ಶುರು ಮಾಡಿದ. ಅವಳು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಹೆಸರು ಕೋಕಿಲಾ ಅಂತೆ, ಮನೆ ಬ್ಯಾಡರಹಳ್ಳಿ. ಈ ವೈರ್ ಯಾಕೆ ದಪ್ಪ, ಆ ಫ್ಯೂಸ್ ಯಾಕೆ ಅಲ್ಲೇ ಇರಬೇಕು ಅಂತ ಒಂದೊಂದಕ್ಕೂ ಪ್ರಶ್ನೆ.

"ನಿಮಗೇ ಕಲಿಸಿಬಿಟ್ರೆ ನನ್ನ ಅಂಗಡಿ ಕಥೆ?"

"ಹೆದರಬೇಡಿ, ಇದೇ ರಸ್ತೇಲಿ ಅಂಗಡಿ ಹಾಕಲ್ಲ."

ನಗು ತಡೆಯಲಾರದೆ ಅವನು ಎದ್ದ ರಭಸಕ್ಕೆ ಡಿಕ್ಕಿಯ ಬಾಗಿಲು ತಲೆಗೆ ಬಡಿಯಿತು. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ಕಣ್ಣು ಮಾತ್ರ ಕಾಣುತ್ತಿತ್ತು, ನಗುವೆಲ್ಲ ಅಲ್ಲೇ ಇತ್ತು. ಅವನು ತಲೆ ಉಜ್ಜಿಕೊಳ್ಳುತ್ತಾ ನೋಡುತ್ತಲೇ ಉಳಿದ. ಆಮೇಲೆ ಸ್ಪ್ಯಾನರ್ ಎತ್ತಿಟ್ಟು, ಮೀಟರ್ ಇಟ್ಟು ಕರೆಂಟ್ ನೋಡಿ, ಕಾರು ಕೊಟ್ಟು ಕಳಿಸಿದ.

ಹತ್ತು ದಿನ ಬಿಟ್ಟು ಅವಳು ಮತ್ತೆ ಬಂದಳು. "ಸಾಕೆಟ್ ಯಾಕೋ ಲೂಸ್ ಅನ್ಸ್ತಿದೆ." ಅವನು ಮೀಟರ್ ಇಟ್ಟು ನೋಡಿದ, ಎಲ್ಲ ಸರಿ ಇತ್ತು. ಅವಳು ಟೀ ಕುಡಿದು ಅರ್ಧ ಗಂಟೆ ಕೂತಳು. ಈ ಸಲ ಮಧು ಅವರೇ ಅಂದಳು, ಅಣ್ಣ ಅನ್ನಲಿಲ್ಲ. ಅವನು ಮಾತ್ರ ತಲೆ ಎತ್ತಲೇ ಇಲ್ಲ. ಮಕ್ಕಳ ತಾಯಿ. ಹೀಗೆಲ್ಲ ನೋಡುವುದು ತಪ್ಪು.

ಅದಾದ ನಾಲ್ಕನೇ ದಿನ ಮಧ್ಯಾಹ್ನ ಅವಳ ಫೋನ್ ಬಂತು.

"ಮಧು ಅವರೇ, ಫ್ರಿಜ್ ನಿಂತೋಗಿದೆ. ಕಾಮಾಕ್ಷಿಪಾಳ್ಯದ ಹತ್ರ ಲಾರಿ ಕೆಟ್ಟು ನಿಂತಿದೆ, ಒಂದು ಗಾಡೀನೂ ಅಲ್ಲಾಡ್ತಿಲ್ಲ. ಹಾಲು ಕರಗಿದ್ರೆ ಇವತ್ತು ಪಾಪುಗಳಿಗೆ ಬೇರೆ ಏನೂ ಇಲ್ಲ."

"ಡಿಕ್ಕಿ ತೆಗೀಬೇಡಿ. ಫ್ರಿಜ್ ಮುಚ್ಚಳ ಮುಟ್ಟಲೇಬೇಡಿ. ಬಂದೆ."

ಮಾಗಡಿ ರೋಡಿನ ಸಾಲುಗಟ್ಟಿದ ಬಸ್ಸು, ಕಾರುಗಳ ಸಂದಿಯಲ್ಲಿ ಬೈಕ್ ನುಗ್ಗಿಸಿಕೊಂಡು ಹೋದ. ಫುಟ್‌ಪಾತ್ ಮೇಲೂ ಹತ್ತಿಸಿದ. ಹೂವಿನ ಅಜ್ಜಿಯೊಬ್ಬರು ಬೈದದ್ದು ಕಿವಿಗೆ ಬಿತ್ತು. ಕೋಕಿಲಾ ಕಾರಿನ ಹಿಂದೆ ಡಿಕ್ಕಿಗೆ ಬೆನ್ನು ಕೊಟ್ಟು ನಿಂತಿದ್ದಳು.

ಫ್ರಿಜ್ಜಿನ ಮೇಲೆ ಮೈನಸ್ ಹದಿನೆಂಟು ಇರಬೇಕಾದ ಕಡೆ ಮೈನಸ್ ಒಂಬತ್ತು. ಫ್ಯೂಸ್ ಸರಿ ಇತ್ತು. ವೈರ್ ಹಿಡಿದುಕೊಂಡೇ ಬಂದ. ಕೊನೆಯಲ್ಲಿ, ಕಾರಿನ ಬಾಡಿಯ ತಗಡಿಗೆ ವೈರಿನ ತುದಿ ಕೂರಿಸಿದ್ದ ಒಂದು ನಟ್ ಬೆರಳು ತಾಗಿಸಿದರೆ ಸಾಕು ತಿರುಗುತ್ತಿತ್ತು. ರಸ್ತೆಯ ಹಂಪುಗಳಿಗೆ ಅಲುಗಿ ಅಲುಗಿ ವೈರ್ ಬಿಟ್ಟುಕೊಂಡಿತ್ತು. ಬಿಗಿ ಮಾಡಿದ. ಫ್ರಿಜ್ ಗುಂಯ್ ಅಂದಿತು.

ಕೋಕಿಲಾ ರಸ್ತೆಯಲ್ಲೇ ಕಣ್ಣು ಮುಚ್ಚಿಕೊಂಡು ಉಸಿರು ಬಿಟ್ಟಳು.

ಲಾರಿ ಎಳೆದು ಪಕ್ಕಕ್ಕೆ ಹಾಕಿದ ಮೇಲೆ ಅವನು ಬೈಕಿನಲ್ಲಿ ಅವಳ ಹಿಂದೆಯೇ ಬಸವೇಶ್ವರನಗರದ ಆಸ್ಪತ್ರೆಯವರೆಗೆ ಹೋದ. ಮತ್ತೆ ನಿಂತುಹೋದರೆ ಅಂತ ಭಯ. ನರ್ಸ್ ಒಬ್ಬರು ಹಾಲಿನ ಪೊಟ್ಟಣಗಳನ್ನು ಒಂದೊಂದಾಗಿ ಒತ್ತಿ ನೋಡಿದರು.

"ಎಲ್ಲಾ ಕಲ್ಲಿನಂಗಿದೆ ಕೋಕಿಲಾ. ಏನೂ ಆಗಿಲ್ಲ."

ಮಧು ಗೋಡೆಗೆ ಒರಗಿದ.

"ಅವರಪ್ಪ ಬಂದಿಲ್ವಾ?" ಅಂದ.

"ಯಾರಪ್ಪ?"

"ಪಾಪುಗಳ ಅಪ್ಪ. ನಿಮ್ಮ ಯಜಮಾನ್ರು."

ಕೋಕಿಲಾ ಅವನನ್ನೇ ನೋಡಿದಳು. ತುಟಿಯ ಒಂದು ತುದಿ ಮೆಲ್ಲಗೆ ಮೇಲೆದ್ದಿತು.

"ನಾನು ಇಲ್ಲಿ ಹಾಲಿನ ಬ್ಯಾಂಕಲ್ಲಿ ಕೆಲಸ ಮಾಡ್ತೀನಿ ಕಣ್ರೀ. ಹಾಲು ಜಾಸ್ತಿ ಇರೋ ತಾಯಂದಿರು ತೆಗೆದು ಇಟ್ಟಿರ್ತಾರೆ, ಮನೆಮನೆಗೆ ಹೋಗಿ ತರೋದು ನಾನು. ಇಲ್ಲಿರೋ ಪಾಪುಗಳೆಲ್ಲ ನಮ್ಮವೇ ಅಂತೀವಿ. ಅಷ್ಟಕ್ಕೇ ನನಗೆ ಮದುವೆ ಮಾಡಿಬಿಟ್ರಾ?"

ಎದೆಯ ಮೇಲಿಂದ ಯಾರೋ ಕಲ್ಲು ಇಳಿಸಿದ ಹಾಗಾಯಿತು ಅವನಿಗೆ. ಆದರೂ ನಗಲಿಲ್ಲ. ಹೇಳಬೇಕಾದದ್ದು ಇನ್ನೊಂದಿತ್ತು.

"ತಪ್ಪು ನನ್ನದು ಕೋಕಿಲಾ ಅವರೇ. ಆ ನಟ್ ಅವತ್ತು ನಾನು ಪೂರ್ತಿ ಬಿಗಿ ಮಾಡಿರಲಿಲ್ಲ. ನೀವು ನಗ್ತಾ ಇದ್ರಿ, ನಾನು ನಿಮ್ಮನ್ನೇ ನೋಡ್ತಾ ಇದ್ದೆ. ಅದೇ ಯೋಚನೇಲಿ ಬಿಟ್ಟುಬಿಟ್ಟೆ."

ಅವಳ ನಗು ನಿಂತಿತು. "ಹಾಲು ಕರಗಿದ್ರೆ ನಾನು ನಿಮ್ಮ ಮುಖ ನೋಡ್ತಾ ಇರಲಿಲ್ಲ."

"ಗೊತ್ತು. ಹೇಳದೆ ಇರೋಕಾಗ್ಲಿಲ್ಲ."

ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಕರಗಿಲ್ಲವಲ್ಲ," ಅಂದಳು ಮೆಲ್ಲಗೆ. "ನಂದೂ ಒಂದು ಇದೆ. ಆವತ್ತು ಲೂಸ್ ಅಂತ ಬಂದೆನಲ್ಲ, ಏನೂ ಆಗಿರಲಿಲ್ಲ. ಸುಮ್ನೆ ಬಂದಿದ್ದೆ. ನೀವು ನೋಡಿದ್ರೆ ತಲೆನೇ ಎತ್ತಲಿಲ್ಲ."

ಅವಳು ಅವನನ್ನು ಗಾಜಿನ ಕಿಟಕಿಯವರೆಗೆ ಕರೆದುಕೊಂಡು ಹೋದಳು. ಒಳಗೆ ಅಂಗೈಯಷ್ಟು ಮುಖದ ಒಂದು ಕೂಸು ಟೋಪಿ ಹಾಕಿಕೊಂಡು ಮಲಗಿತ್ತು.

"ಅವಳಿಗಳಲ್ಲಿ ಅವಳೇ ದೊಡ್ಡವಳು. ಐದು ನಿಮಿಷಕ್ಕೆ. ಈ ವಾರ ತೂಕ ಬಂದಿದೆ."

ಮಧು ಅವಳ ಕಡೆ ತಿರುಗಿದ. "ಭಾನುವಾರ ನಮ್ಮಮ್ಮನ್ನ ಕರ್ಕೊಂಡು ನಿಮ್ಮ ಮನೆಗೆ ಬರ್ಲಾ?"

"ಅಯ್ಯೋ ಪುಣ್ಯಾತ್ಮ! ಮೊದಲು ಒಂದು ಕಾಫಿಗೆ ಕರೀರಿ. ಆಮೇಲೆ ಅಮ್ಮ."

"ಕಾಫಿಗೆ ಬರ್ತೀರಾ?"

"ಮ್ಮ್." ಒಂದು ಕ್ಷಣ ಬಿಟ್ಟು ಸೇರಿಸಿದಳು: "ಅಮ್ಮನಿಗೂ ಹೇಳಿಟ್ಟಿರಿ."

ಇಬ್ಬರಿಗೂ ಒಟ್ಟಿಗೇ ನಗು ಬಂತು, ತಡೆಯಲಾಗಲಿಲ್ಲ. ಒಳಗಿಂದ ನರ್ಸ್ ಗಾಜು ಬಡಿದು, ಪಾಪುಗಳು ಮಲಗಿವೆ ಅಂತ ಸನ್ನೆ ಮಾಡಿದರು. ಬಾಯಿಗೆ ಕೈ ಅಡ್ಡ ಹಿಡಿದು ಇಬ್ಬರೂ ಮೆಟ್ಟಿಲು ಇಳಿದು ಹೊರಗೆ ಓಡಿದರು.