ಅರ್ಧ ಎತ್ತರದ ಕಾರ್ಡು

ಟಿವಿಯ ಪರದೆ ನೀಲಿಯಾಗಿಯೇ ಉಳಿಯಿತು.

ಬಸು ವೈರು ಕಿತ್ತು ಮತ್ತೆ ಚುಚ್ಚಿದ. ನೀಲಿ. ಸ್ವಿಚ್ಚು ಆರಿಸಿ ಹಾಕಿದ. ಕಂಪ್ಯೂಟರಿನ ಡಬ್ಬಿಯೊಳಗೆ ಫ್ಯಾನು ಗುಂಯ್ಯೆಂದಿತು, ಕೆಂಪು ದೀಪ ಮಿನುಗಿತು — ಚಿತ್ರ ಮಾತ್ರ ಬರಲಿಲ್ಲ. ಆ ಭಾನುವಾರ ಸಂಜೆ ಇಂದಿರಾನಗರದ ಮನೆಯೊಂದರ ಹಾಲಿನಲ್ಲಿ ಹುಟ್ಟುಹಬ್ಬದ ಟೋಪಿ ತೊಟ್ಟ ಮಕ್ಕಳು ಸಾಲಾಗಿ ಕುಳಿತಿದ್ದವು. ಕಾರ್ ರೇಸಿನಲ್ಲಿ ಮೊದಲ ಸರದಿ ಯಾರದೆಂಬ ಜಗಳ ಆಗಲೇ ಮುಗಿದಿತ್ತು.

“ಏನ್ರೀ, ಬರುತ್ತೋ ಇಲ್ವೋ?” ಮನೆಯಾಕೆ ಕೇಳಿದರು. “ಕೇಕ್ ಕಟ್ ಮಾಡಿಸ್ಬಿಡ್ಲಾ?”

“ಐದು ನಿಮಿಷ ಮೇಡಂ.”

ಜೊತೆಗೆ ಬಂದಿದ್ದ ಭೀಮು ಡಬ್ಬಿಯ ಮುಚ್ಚಳ ಬಿಚ್ಚಿದ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ಎಳೆದು ಬೆಳಕಿಗೆ ಹಿಡಿದ. ಅಂಗೈಯಗಲದ ಹಸಿರು ಹಲಗೆ. ಬೆನ್ನ ಮೇಲೊಂದು ಕುಂಕುಮದ ಬೊಟ್ಟು. ವೈರು ಚುಚ್ಚುವ ತೂತಿನ ಪಕ್ಕದಲ್ಲಿ ಕಡಲೆಕಾಳಿನಷ್ಟು ಸುಟ್ಟ ಕಲೆ. ಆ ಕಲೆ ಕಂಡದ್ದೇ ಅವನ ಮುಖ ಇಳಿಯಿತು.

“ಭಾವಾ, ಇದು ನಮ್ಮದಲ್ಲ. ಇದು ಸತ್ತದ್ದು. ಫ್ಯಾನ್ ಕೆಟ್ರ ಇದರದ್ದು ಹಾಕ್ಕೋರಿ ಅಂತ ಅಂಗಡಿ ಚಾಂದ್ ಪಾಷಾ ಪುಕ್ಕಟೆ ಕೊಟ್ಟಿದ್ದನಲ್ಲ — ಅದು. ನಿಮ್ಮ ಮಂಚದ ಕೆಳಗ ಪೆಟ್ಟಿಗ್ಯಾಗ ಇತ್ತು.”

“ಹಂಗಾರ ನಮ್ಮದು ಎಲ್ಲಿ?”

ಭೀಮು ಡಬ್ಬಿಯೊಳಗೆ ಮತ್ತೊಮ್ಮೆ ಇಣುಕಿ ಮುಚ್ಚಳ ಹಾಕಿದ.

ಬಸುವಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಚಿಕೆಯೂ ಆಗಲಿಲ್ಲ. ಮನೆಯಾಕೆಗೆ ಕೈಮುಗಿದು, ವೈರು ಸುತ್ತಿ, ಡಬ್ಬಿಯನ್ನು ಚೀಲಕ್ಕಿಳಿಸಿ, ಬೇರೆ ಯಾರದೋ ಸಾಮಾನು ಹೊತ್ತವನಂತೆ ಬಸ್ ಸ್ಟಾಪಿಗೆ ನಡೆದ.

ಶಹಾಪುರದ ಕಡೆಯಿಂದ ಬಂದ ಬಸುವಿಗೆ ದೊಮ್ಮಲೂರಿನ ಆಫೀಸೊಂದರಲ್ಲಿ ಕಂಪ್ಯೂಟರುಗಳಿಗೆ ವೈರೆಳೆಯುವ ಕೆಲಸ. ಭೀಮು ಅವನ ಸೋದರಮಾವನ ಮಗ, ರಾಮಮೂರ್ತಿ ನಗರದಲ್ಲಿ ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದ. ಹುಟ್ಟುಹಬ್ಬದ ಮನೆಗಳಿಗೆ ಆಟದ ಕಂಪ್ಯೂಟರನ್ನು ಹೊತ್ತೊಯ್ದು ತಾಸಿನ ಬಾಡಿಗೆಗೆ ಕೊಡುವ ಆಲೋಚನೆ ಇಬ್ಬರದೂ. ಎರಡು ಸಾವಿರದ ಐದರ ಆ ಬೇಸಿಗೆಯ ಭಾನುವಾರಗಳೆಲ್ಲ ಶಿವಾಜಿನಗರದ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲೇ ಸವೆದಿದ್ದವು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಳ್ಳಬೇಕು, ಅದಕ್ಕೆ ಡಬ್ಬಿ ಚಿಕ್ಕದಿರಬೇಕು. ಡಬ್ಬಿ ಚಿಕ್ಕದಾದರೆ ದೊಡ್ಡ ಕಾರ್ಡು ಹಿಡಿಯದು. ಶಕ್ತಿಯ ಕಾರ್ಡು ಹಾಕಿದರೆ ಒಳಗೆ ಕಾವು ತಡೆಯದು, ಸಣ್ಣ ಪವರ್ ಸಪ್ಲೈಗೆ ದಮ್ಮು ಸಾಲದು. ಕೊನೆಗೆ ಸಿಕ್ಕಿದ್ದು ಈ ಅರ್ಧ ಎತ್ತರದ ಕಾರ್ಡು. ಕೈಗೆಟಕುವ ಬೆಲೆ. ಮೇಲಾಗಿ ಟಿವಿಗೆ ವೈರು ಕೊಡುವ ತೂತು ಅದರಲ್ಲಿತ್ತು — ಪರದೆ ಹೊರುವ ಕಷ್ಟ ತಪ್ಪಿತು.

ಡಬ್ಬಿ ದುಡಿಯತೊಡಗಿದರೆ ಮಾಘದಲ್ಲಿ ಮದುವೆ ಎಂದು ಬಸು ದಸರೆ ಕಳೆಯುತ್ತಲೇ ಊರಿಗೆ ಹೇಳಿ ಕಳಿಸಿದ್ದ. ತಂಗಿ ರಾಜೇಶ್ವರಿಯನ್ನು ಭೀಮುವಿಗೆ ಕೊಡುವುದು. ಬುಧವಾರ ಭೀಮುವಿನ ಅಪ್ಪ ಜಟ್ಟೆಪ್ಪ ದಿನ ಗೊತ್ತು ಮಾಡಲು ಬರುವವನಿದ್ದ. ಡಬ್ಬಿ ಬಿಚ್ಚಿ ಕೂಡಿಸಬಲ್ಲವರಲ್ಲಿ ಭೀಮುವೂ ಒಬ್ಬ; ಈಗ ಅವನೇ ಕಳ್ಳನೆಂದಾದರೆ ಮದುವೆ ಮುರಿಯುತ್ತದೆ, ಅವ್ವನಿಗೆ ತವರಿನ ಬಾಗಿಲೂ ಮುಚ್ಚುತ್ತದೆ.

ಕಗ್ಗದಾಸಪುರದಲ್ಲಿ ಬಸು ತಂಗಿಯ ಜೊತೆ ಬಾಡಿಗೆಗಿದ್ದ ಮಹಡಿ ಮನೆಯಲ್ಲಿ ಮಂಚದ ಕೆಳಗಿನ ಪೆಟ್ಟಿಗೆ ಎಳೆದು ನೋಡಿದರು. ಸತ್ತ ಕಾರ್ಡು ಇಟ್ಟಿದ್ದ ಜಾಗ ಖಾಲಿ.

“ಸಿಂಪಲ್ ಗುರು!” ಎಂದ ವಸಂತ್. ಕೆಳಗಿನ ಮನೆಯ ಮಾಲೀಕ ಮುನಿಆಂಜನಪ್ಪನವರ ಮಗ ಅವನು. ಡಬ್ಬಿ ಕಟ್ಟಿದ ದಿನದಿಂದ ಆಟಕ್ಕೆ ಹತ್ತಿಕೊಂಡಿದ್ದ. “ಸತ್ತಿರೋದನ್ನ ಒಳಗ್ ಹಾಕಿ ಚೆನ್ನಾಗಿರೋದನ್ನ ಎತ್ತವ್ರೆ. ನೋಡಿದ ತಕ್ಷಣ ಸತ್ತಿದ್ದು ಅಂತ ಹೇಳಿದ್ ಯಾರು? ಭೀಮು. ಅವನಿಗ್ ಹೆಂಗ್ ಗೊತ್ತಾಯ್ತು?”

“ಕಲೆ ಕಾಣವಲ್ದೇನು ನಿನಗ?” ಎಂದ ಭೀಮು.

“ನಂಗ್ ಕಾಣ್ಸುತ್ತೆ ಮಗಾ. ಎಲ್ಲಾ ಕಾಣ್ಸುತ್ತೆ.”

ಭೀಮು ಬಸುವಿನ ಕಡೆ ತಿರುಗಿದ. “ನೀನೂ ಹಂಗ ಅಂತೀಯೇನು ಭಾವಾ? ಅಂದುಬಿಡು. ಅಪ್ಪಗ ಫೋನ್ ಮಾಡ್ತೀನಿ, ಬರಬ್ಯಾಡ ಅಂತ.”

ಬಸು ಪೆಟ್ಟಿಗೆಯನ್ನು ಮತ್ತೆ ಮಂಚದ ಕೆಳಗೆ ತಳ್ಳಿದ. ಒಲೆಯ ಮುಂದೆ ರಾಜೇಶ್ವರಿ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ಮರುದಿನ ಸಂಜೆ ಭವ್ಯ ಮೇಲೆ ಬಂದಳು. ವಸಂತನ ಅಕ್ಕ. ಇಂದಿರಾನಗರದ ಒಂದು ಪತ್ತೇದಾರಿ ಸಂಸ್ಥೆಯಲ್ಲಿ ಕೆಲಸ. ಹೆಣ್ಣಿನವರು ಕೊಟ್ಟ ಗಂಡಿನ ವಿಳಾಸ ಹಿಡಿದು, ಅವನು ಹೇಳಿದ ಸಂಬಳ ನಿಜವೋ, ಕುಡಿತವುಂಟೋ ಎಂದು ವಿಚಾರಿಸುವುದು ಅವಳ ನಿತ್ಯದ ಕಸುಬು.

“ಶನಿವಾರ ಸಂಜೆ ಮಷೀನು ಓಡ್ತಿತ್ತಾ?”

“ಓಡ್ತಿತ್ತರಿ,” ಎಂದ ಬಸು. “ನಾವು ಮೂವರೂ ಆಡೀವಿ.”

“ಭಾನುವಾರ ಬೆಳಿಗ್ಗೆ?”

“ನಾ ಹನುಮಪ್ಪನ ಗುಡಿಗೆ ಹೋಗಿದ್ದೆ.”

“ನಾ ಬಂದಾಗ ಬಾಗಲಾ ತಗದಿತ್ತು,” ಎಂದ ಭೀಮು. “ರಾಜಿ ನೀರು ಹಿಡ್ಯಾಕ ಕೆಳಗ ಹೋಗಿದ್ಲು.”

“ಅಂದ್ರೆ ನೀವೊಬ್ರೇ ಇದ್ರಿ.”

“ಇದ್ದೆ. ಸುಳ್ಳು ಯಾಕ ಹೇಳ್ಲಿ?”

“ನೋಡ್ದಾ ಅಕ್ಕ? ಬಾಯ್ಬಿಟ್ಟ!”

“ನೀನೆಲ್ಲಿದ್ದೆ?”

“ನಾನಾ?” ವಸಂತ್ ತಡವರಿಸಿದ. “ಭೀಮು ಜೊತೆ ಮಾತಾಡೋಣ ಅಂತ ಮೇಲ್ ಬಂದಿದ್ದೆ ಅಷ್ಟೇ.”

“ಭಾನುವಾರ ಅಷ್ಟು ಬೇಗ ಎದ್ದಿದ್ದಾ? ಎಲ್ಲರಿಗಿಂತ ದೊಡ್ಡ ಅನುಮಾನ ನಿನ್ನ ಮೇಲೇ ಕಣೋ.”

ಅವಳು ಸತ್ತ ಕಾರ್ಡನ್ನು ಕೈಗೆತ್ತಿಕೊಂಡು ಆಚೀಚೆ ಹೊರಳಿಸಿದಳು. “ಈ ಕುಂಕುಮ ಯಾವಾಗಿಂದು?”

“ಆಯುಧ ಪೂಜಿದಿರಬೇಕು,” ಎಂದ ಬಸು.

“ಇರಬೇಕು?”

“ಮನ್ಯಾಗ ಹೆಣ್ಮಗಳದಾಳಲ್ರಿ. ಇಟ್ಟಿರ್ತಾಳ.”

ಭವ್ಯ ಕಾರ್ಡನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ರಾಜೇಶ್ವರಿ ಕಾರ್ಖಾನೆಯಿಂದ ಇನ್ನೂ ಬಂದಿರಲಿಲ್ಲ. ಕೆ.ಆರ್. ಪುರದ ಹತ್ತಿರ ಟೆಲಿಫೋನಿನ ಒಳಹಲಗೆ ಜೋಡಿಸುವ ಕೆಲಸ ಅವಳದು.

ಮಂಗಳವಾರ ಮಧ್ಯಾಹ್ನ ಭವ್ಯ ಬಸುವನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಶಿವಾಜಿನಗರಕ್ಕೆ ಹೋದಳು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಚಾಂದ್ ಪಾಷಾನ ಅಂಗಡಿ. ಹಲಗೆ, ವೈರು, ಫ್ಯಾನುಗಳ ರಾಶಿಯ ನಡುವೆ ಅವನು ಚಹಾ ಆರಿಸಿಕೊಳ್ಳುತ್ತಿದ್ದ.

“ಅರೇ ಬಸು ಭಾಯ್! ನನ್ ಮೇಲೆ ಪೊಲೀಸ್ ತಂದ್ರಾ?”

“ಪೊಲೀಸ್ ಅಲ್ಲ, ಮದುವೆ ಆಫೀಸು,” ಎಂದಳು ಭವ್ಯ. “ಸತ್ತಿರೋ ಕಾರ್ಡ್ ಯಾಕೆ ಕೊಟ್ರಿ?”

“ಫ್ಯಾನ್ ಜೀವ ಇತ್ತಲ್ಲಾ ಮೇಡಂ. ಆ ಸೈಜು ಫ್ಯಾನು ಬೇರೆ ಕಡೆ ಸಿಗಲ್ಲ. ಸತ್ತಿದ್ದು ಸತ್ತಿದ್ದು ಅಂತ್ಲೇ ಹೇಳಿ ಕೊಟ್ಟಿದೀನಿ, ಖುದಾ ಕಸಮ್.”

“ಚೆನ್ನಾಗಿರೋದನ್ನ ಯಾರಾದ್ರೂ ಮಾರೋಕೆ ತಂದಿದ್ರಾ?”

“ಇಲ್ಲ. ಬೇರೆ ಅಂಗಡಿಗೂ ಬಂದಿಲ್ಲ. ಬಂದಿದ್ರೆ ಗಲ್ಲಿಯೆಲ್ಲಾ ಮಾತು ಆಗೋದು. ಅದನ್ನ ಯಾರು ತಗೋತಾರೆ? ದೊಡ್ಡ ಕ್ಯಾಬಿನೆಟ್‌ಗೆ ಕೂರಿಸ್ಬೇಕು ಅಂದ್ರೆ ಉದ್ದ ತಗಡು ಪಟ್ಟಿ ಬೇಕು. ಪಟ್ಟಿ ಇಲ್ಲಿದೆ.” ಮೊಳೆಗೆ ತೂಗುಹಾಕಿದ್ದ ಪಟ್ಟಿಯನ್ನು ಬೆರಳಿನಿಂದ ಚಿಮ್ಮಿದ. “ಕದಿಯೋ ಮನ್ಷ ಪಕ್ಕದಲ್ಲಿ ಇರೋ ಮೆಮರಿ ಕದೀತಾನೆ. ಬೆರಳಷ್ಟು ಉದ್ದ ಇರುತ್ತೆ, ಎಲ್ಲಾ ಕಡೆ ಕೂರುತ್ತೆ, ಎಲ್ಲಿ ಬೇಕಾದ್ರೂ ಕಾಸು.”

“ಮೆಮರಿ ಅಲ್ಲೇ ಅದ,” ಎಂದ ಬಸು.

ಪಾಷಾ ಸತ್ತ ಕಾರ್ಡನ್ನು ಇಸಿದುಕೊಂಡು ನೋಡಿದ. ಹುಬ್ಬು ಗಂಟಾಯಿತು. “ಇದ್ಯಾರು ಕುಂಕುಮ ಇಟ್ಟಿದ್ದು? ಒಳಗಡೆ ಪುಡಿ ಗಿಡಿ ಬೇಡ, ಪೂಜೆ ಎಲ್ಲಾ ಡಬ್ಬಿ ಮೇಲೆ ಅಂತ ಮೂರು ಜನಕ್ಕೂ ಹೇಳಿದ್ನಲ್ಲಾ? ಹಬ್ಬ ಮುಗಿದ್ರೆ ಅರ್ಧ ಬೆಂಗಳೂರು ಕುಂಕುಮದ ಬೋರ್ಡು ತರ್ತಾರೆ ನನ್ ಹತ್ರ. ತೊಳೆದೂ ತೊಳೆದೂ ಸಾಕಾಗಿದೆ.”

“ಮೂರು ಜನ ಅಂದ್ರೆ?”

“ಬಸು ಭಾಯ್, ಭೀಮು, ನಿಮ್ ತಮ್ಮ.”

ಹಲಸೂರು ಕೆರೆಯ ಪಕ್ಕ ಭವ್ಯ ಸ್ಕೂಟಿ ನಿಲ್ಲಿಸಿದಳು.

“ಆಯುಧ ಪೂಜೆ ದಿನ ಡಬ್ಬಿಗೆ ಪೂಜೆ ಮಾಡಿದ್ದು ಯಾರು?”

“ಭೀಮು.”

“ರಾಜೇಶ್ವರಿ ಇರುವಾಗ ಭೀಮು ಯಾಕೆ?”

ಬಸು ಕೆರೆಯ ನೀರು ನೋಡಿದ.

“ಹೇಳಿ. ನನ್ ಹತ್ರ ಎಂಥ ನಾಚಿಕೆ?”

“ಆಕಿ… ಹೊರಗ ಕುಂತಿದ್ಲು.” ಮುಟ್ಟಿನ ದಿನಗಳಲ್ಲಿ ರಾಜೇಶ್ವರಿ ದೇವರ ಗೂಡಿನ ಹತ್ತಿರ ಸುಳಿಯುತ್ತಿರಲಿಲ್ಲ, ಪೂಜೆಯ ಸಾಮಾನು ಮುಟ್ಟುತ್ತಿರಲಿಲ್ಲ. ಅದನ್ನು ಗಂಡಸರು ಬಾಯಿಬಿಟ್ಟು ಆಡುತ್ತಲೂ ಇರಲಿಲ್ಲ.

ಭವ್ಯ ಸ್ಕೂಟಿಯ ಕೀಲಿ ತಿರುಗಿಸಿದಳು. “ನಿಮ್ಮ ಮಾವ ಬರೋದು ನಾಳೆ ಅಲ್ವಾ? ಇವತ್ತು ಸಂಜೆ ಎಲ್ಲಾರೂ ಮನೇಲಿರಿ.”

ಸಂಜೆ ನಾಲ್ವರೂ ಇದ್ದರು. ಬಸು ಮಂಚದ ಮೇಲೆ, ಭೀಮು ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡೇ, ವಸಂತ್ ಕಿಟಕಿಗೆ ಒರಗಿ. ರಾಜೇಶ್ವರಿ ಕೆಲಸದ ಸೀರೆಯಲ್ಲೇ ಗೋಡೆಗೆ ಆತು ನಿಂತಿದ್ದಳು. ಭವ್ಯ ಸತ್ತ ಕಾರ್ಡನ್ನು ಮುಚ್ಚಿದ ಡಬ್ಬಿಯ ಮೇಲಿಟ್ಟಳು.

“ಇದನ್ನ ಕಾಸಿಗೋಸ್ಕರ ಕದ್ದಿಲ್ಲ. ಕಾಸು ಬೇಕಾದೋರು ಮೆಮರಿ ಬಿಡ್ತಿರಲಿಲ್ಲ. ಆಡೋಕೂ ಕದ್ದಿಲ್ಲ. ಕೆಳಗಿರೋ ವಸಂತನ ಕಂಪ್ಯೂಟರು ದೊಡ್ಡ ಕ್ಯಾಬಿನೆಟ್ಟಿಂದು, ಉದ್ದ ಪಟ್ಟಿ ಇಲ್ದೆ ಇದು ಕೂರಲ್ಲ.”

“ನಾನ್ ಹೇಳ್ಲಿಲ್ವಾ…”

“ನೀನೇನೂ ಹೇಳ್ಲಿಲ್ಲ. ಸುಮ್ನಿರು. ಈ ಕಾರ್ಡಿಂದ ಯಾರಿಗೂ ಏನೂ ಸಿಗಲ್ಲ. ಇದು ಇಲ್ದಿದ್ರೆ ಈ ಡಬ್ಬಿ ಓಡಲ್ಲ, ಅಷ್ಟೇ. ಹಾಗಾದ್ರೆ ಡಬ್ಬಿ ಓಡದೇ ಇರಲಿ ಅಂತ ಬಯಸಿದೋರು ಯಾರು?”

ವಸಂತ್ ಭೀಮುವನ್ನು ನೋಡಿದ, ಭೀಮು ಬಸುವನ್ನು.

“ಕುಂಕುಮ ನೋಡಿ. ನೀವೆಲ್ಲ ಮೂರು ದಿನದಿಂದ ನೋಡ್ತಾನೇ ಇದೀರ. ಪೂಜೆದು ಅಂತ ಬಿಟ್ರಿ. ಆದ್ರೆ ಪೂಜೆ ದಿನ ಈ ಕಾರ್ಡ್ ಎಲ್ಲಿತ್ತು?”

ಭೀಮು ತಲೆಯೆತ್ತಿದ. “ಪೆಟ್ಟಿಗ್ಯಾಗ.”

“ಮಂಚದ ಕೆಳಗೆ ಬಿದ್ದಿರೋ ಸತ್ತ ಕಾರ್ಡಿಗೆ ಯಾರು ಪೂಜೆ ಮಾಡ್ತಾರೆ? ಅಂದ್ರೆ ಬೊಟ್ಟು ಇಟ್ಟಿದ್ದು ಅದಲು ಬದಲು ಮಾಡಿದೋರೇ. ಒಳಗೆ ಪುಡಿ ಹಾಕ್ಬೇಡಿ ಅಂತ ಪಾಷಾ ನಿಮ್ಮ ಮೂವರಿಗೂ ಹೇಳಿದ್ದ. ನೀವು ಯಾರೂ ಇಡಲ್ಲ. ಆ ಮಾತು ಕೇಳಿಸಿಕೊಳ್ಳದೇ ಇದ್ದೋರು ಈ ಮನೇಲಿ ಒಬ್ರೇ. ಅಂಗಡಿಗೂ ಬಂದಿರಲಿಲ್ಲ, ಪೂಜೆಗೂ ಕೂತಿರಲಿಲ್ಲ. ಇಂಥ ಹಲಗೆ ಕಿತ್ತು ಕೂರಿಸೋದು ಅವರಿಗೆ ದಿನದ ಕೆಲಸ.” ದನಿ ತಗ್ಗಿತು. “ರಾಜೇಶ್ವರಿ, ಕಾರ್ಡ್ ಎಲ್ಲಿಟ್ಟಿದ್ದೀರ?”

ಬಸುವಿಗೆ ಮಾತು ಕೇಳಿಸಿತು. ಅರ್ಥವೂ ಆಯಿತು. ಎದೆಯೊಳಗೆ ಮಾತ್ರ ಏನೂ ಅಲುಗಲಿಲ್ಲ.

ರಾಜೇಶ್ವರಿ ಟ್ರಂಕು ತೆರೆದು, ಸೀರೆಗಳ ನಡುವಿನಿಂದ ಕಾರ್ಡನ್ನು ತೆಗೆದಳು. ಕಾರ್ಖಾನೆಯಲ್ಲಿ ಹಲಗೆ ಸುತ್ತುವ ಗುಲಾಬಿ ಕವರಿನಲ್ಲಿ ಅದನ್ನು ಜೋಪಾನವಾಗಿ ಸುತ್ತಿದ್ದಳು. ಡಬ್ಬಿಯ ಮೇಲಿಟ್ಟಳು.

“ನೀರಿಗೆ ಹೋಗೋಕಿಂತ ಮೊದಲ ಮಾಡ್ದೆ,” ಎಂದಳು. “ಬಿಚ್ಚಿ ನೋಡಿದ್ರ ಒಳಗ ಯಾವುದಕ್ಕೂ ಒಂದು ಬೊಟ್ಟಿಲ್ಲ. ಸತ್ತದ್ದನ್ನ ಹಂಗ ಬರೇದು ಕೂಡ್ಸಾಕ ಮನಸ್ಸಾಗ್ಲಿಲ್ಲ.”

“ಯಾಕ ಮಾಡ್ದಿ?” ಬಸುವಿನ ದನಿ ಯಾರದೋ ಆಗಿತ್ತು.

“ಇದು ದುಡೀಲಿಲ್ಲಂದ್ರ ಮಾಘದಾಗ ಮದುವಿ ಆಗಂಗಿಲ್ಲ ಅಂದುಕೊಂಡೆ.” ಅವಳು ಭೀಮುವಿನ ಕಡೆ ನೋಡಲಿಲ್ಲ. “ಈ ಡಬ್ಬಿ ಸಲುವಾಗಿ ಬ್ಯಾಸಿಗಿ ತುಂಬ ಎಲ್ಲಾರ್ನೂ ಕೇಳ್ದಿ ಅಣ್ಣಾ. ಯಾವುದು ಯಾವುದಕ್ಕ ಹೊಂದತದ, ಯಾವುದು ಕಾವು ತಡೀತದ. ಚಾಂದ್ ಪಾಷಾನ್ನ ಕೇಳ್ದಿ, ವಸಂತನ್ನ ಕೇಳ್ದಿ, ಆಫೀಸಿನವರ್ನ ಕೇಳ್ದಿ.”

ಟ್ರಂಕಿನ ಮುಚ್ಚಳ ಇಳಿಸಿದಳು.

“ನನ್ನ ಕಳ್ಳ ಅಂದ್ರು,” ಎಂದ ಭೀಮು ಮೆಲ್ಲಗೆ. “ಮೂರು ದಿನ. ನೀ ರೊಟ್ಟಿ ತಟ್ಟಕೋತ ಕುಂತಿದ್ದಿ.”

“ನಿನ್ನ ಮ್ಯಾಲ ಬರತದಂತ ತಿಳೀಲಿಲ್ಲ. ತಿಳಿದ ಮ್ಯಾಲ ಬಾಯಿ ಬರ್ಲಿಲ್ಲ. ನಂದು ತಪ್ಪದ.”

ವಸಂತ್ ಕಿಟಕಿಯ ಸರಳು ಉಜ್ಜುತ್ತ, “ಸಾರಿ ಗುರು,” ಎಂದ. ಭೀಮು ಅವನನ್ನು ನೋಡಲಿಲ್ಲ.

ಭವ್ಯ ಹೋಗಲು ಎದ್ದಳು. “ಗಂಡಿನ ಸಂಬಳ ಎಷ್ಟು, ಕುಡೀತಾನಾ ಅಂತ ಕೇಳ್ಕೊಂಡು ನಮ್ ಆಫೀಸಿಗೆ ದಿನಾ ಜನ ಬರ್ತಾರೆ ಬಸು. ಹುಡುಗಿಗೆ ಇಷ್ಟ ಇದೆಯಾ ಅಂತ ವಿಚಾರಿಸಿ ಅಂದೋರು ಇದುವರೆಗೂ ಒಬ್ರೂ ಬಂದಿಲ್ಲ.”

ತಮ್ಮನ ತೋಳು ಹಿಡಿದು ಕೆಳಗಿಳಿದಳು.

ಮೂವರು ಉಳಿದರು. ಕೇಳಬೇಕಾದ ಮಾತು ಒಂದೇ. ಬಸು ಮಂಚದಿಂದ ಎದ್ದ.

“ರಾಜಿ, ನಿನಗ ಭೀಮು ಬ್ಯಾಡೇನು?”

“ಭೀಮು ಕೆಟ್ಟಾವ ಅಲ್ಲ. ನನಗ ಮದುವಿ ಬ್ಯಾಡ ಅವನ ಜೋಡಿ.”

ಭೀಮು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದ. “ನಾನೂ ಕೇಳ್ಲಿಲ್ಲ,” ಎಂದ. ಸ್ವಲ್ಪ ತಡೆದು, “ಅಪ್ಪ ಬಸ್ ಹತ್ತೋಕಿಂತ ಮೊದಲ ಫೋನ್ ಮಾಡು ಭಾವಾ. ನಾ ಮಾಡಿದ್ರ ಬೈತಾನ,” ಎಂದು ಮೆಟ್ಟಿಲಿಳಿದ.

ಮೂಲೆಯ ಅಂಗಡಿಯ ಕಾಯಿನ್ ಫೋನಿನಲ್ಲಿ ಬಸು ಊರಿನ ನಂಬರು ಒತ್ತಿದ. ಪಕ್ಕದ ಮನೆಯವರು ಅವ್ವನನ್ನು ಕರೆದು ತರುವವರೆಗೆ ಕಾದ. ಬಾಳೆಹಣ್ಣು ಕೊಳ್ಳುವವರು, ಹಾಲಿನ ಪ್ಯಾಕೆಟ್ಟು ಕೇಳುವವರು ಅವನ ಭುಜಕ್ಕೆ ತಾಗಿ ಹೋಗುತ್ತಿದ್ದರು.

“ಏನೋ ಬಸು? ನಿಮ್ಮ ಮಾವ ಹೊಂಟು ನಿಂತಾನ. ಹೋಳಿಗಿ ಕಟ್ಟೀನಿ.”

“ಮಾವಗ ಬರಬ್ಯಾಡ ಅನ್ನು ಅವ್ವಾ. ರಾಜಿ ಒಲ್ಲೆ ಅಂತಾಳ.”

ಅವ್ವನ ದನಿ ಏರಿತು. “ಒಲ್ಲೆ ಅಂತಾಳ? ಯಾರು ಕೇಳಿದ್ರು ಆಕಿನ್ನ?”

ಫೋನು ಇನ್ನೊಂದು ನಾಣ್ಯಕ್ಕಾಗಿ ಕುಂಯ್ಗುಟ್ಟಿತು. ಬಸು ಜೇಬು ತಡಕಿ ಒಂದು ರೂಪಾಯಿ ಹಾಕಿದ.

“ನಾ ಕೇಳ್ದೆ ಅವ್ವಾ,” ಎಂದ.