ಲೋಹಿತಾಳ ನಾಲ್ಕು ಮನೆ ಶ್ರುತಿ

"ಇವ್ರಿಗೆ ನಾನು ಮೃದಂಗ ನುಡ್ಸಲ್ಲ, ಮೇಡಂ!"

ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಅಭ್ಯಾಸದ ಕೋಣೆಯಲ್ಲಿ ಲೋಹಿತಾಳ ಹಾಡು ಅರ್ಧಕ್ಕೇ ನಿಂತಿತು. ಕೆನ್ನೆಗೆ ಹೊಡೆದಂತಾಯಿತು ಅವಳಿಗೆ.

ಭಾನುವಾರ ಮಧುಗಿರಿಯಲ್ಲಿ ವಿಭಾಗದ ಕಛೇರಿ. ಅವಳ ಎಂ.ಎ. ಕೊನೆಯ ಪರೀಕ್ಷೆಯೂ ಅದೇ. ಬಡವನಹಳ್ಳಿಯಿಂದ ಅಪ್ಪ ಬರುತ್ತಾರೆ, ಬೀದಿಯವರೆಲ್ಲ ಬರುತ್ತಾರೆ. ಇವನು ನೋಡಿದರೆ, ಈ ವರ್ಷ ಸೇರಿದ ವೈ.ಎನ್.ಹೊಸಕೋಟೆಯ ಗೌರೀಶ್, ಅವಳ ಜೊತೆಗಿನ ಮೊದಲ ಅಭ್ಯಾಸದಲ್ಲೇ ಗುರು ರಾಧಾಮಣಿಯವರೆದುರು ಎದ್ದು ನಿಂತಿದ್ದಾನೆ!

ಹೆಂಗಸರಿಗೆ ಪಕ್ಕವಾದ್ಯ ನುಡಿಸೆವೆಂದು ಮೀಸೆ ತಿರುವಿದ ವಿದ್ವಾಂಸರ ಕತೆಗಳನ್ನು ಅವಳು ಕೇಳಿದ್ದಳು. ಆ ಪೀಳಿಗೆ ಸತ್ತಿಲ್ಲ, ಜೀನ್ಸ್ ತೊಟ್ಟು ಬಂದಿದೆ!

"ಯಾಕ್ರೀ? ಹೆಂಗಸಿಗೆ ನುಡ್ಸಿದ್ರೆ ಕೈ ಸವೆದೋಗ್ತವಾ?"

ಗಾಬರಿಯಾದರೆ ಗೌರೀಶನಿಗೆ ಕನ್ನಡ ಕೈಕೊಟ್ಟು ತೆಲುಗು ಬರುತ್ತಿತ್ತು. ಹಾಗಲ್ಲ ಎನ್ನಲು ಹೋಗಿ ಅಂದ: "ಅದಿ ಕಾದಮ್ಮಾ..."

"ಅಮ್ಮನಾ? ನಿಮಗೆ ಅಮ್ಮ ಆಗೋ ವಯಸ್ಸಾಗೈತಾ ನಂಗೆ!"

ಬಾಗಿಲು ದಢಾರ್ ಎಂದಿತು.

ಆಮೇಲೆ ಅವನ ಹೆಸರೆತ್ತಿದರೆ ಸಾಕು, ಎದ್ದು ಹೋಗುತ್ತಿದ್ದಳು. 'ಅಷ್ಟು ಚೆನ್ನಾಗಿ ನುಡ್ಸೋನು... ಇಂಥೋನಾ?' ನೋವಾಗಿದ್ದು ಅದಕ್ಕೇ. ಮೃದಂಗ ತರಗತಿಯ ಬಾಗಿಲಲ್ಲಿ ನಿಂತು ಕಂಡಿದ್ದ ಆ ಬೆರಳುಗಳನ್ನು ಮನಸ್ಸು ಎಂದೋ ಮೆಚ್ಚಿಬಿಟ್ಟಿತ್ತು!

ಮೂರನೇ ದಿನ, ಅವಳಿಗೆ ತಂಬೂರಿ ಹಿಡಿಯುವ ಗೆಳತಿ, ಸಿರಾದ ಖುಷ್ನುಮಾ ಹಾಸ್ಟೆಲ್ ಬಾಗಿಲಿಗೆ ಅಡ್ಡ ನಿಂತಳು.

"ಲೇ ಪಾಗಲ್, ಪೂರ್ತಿ ಕೇಳು! ಅವ್ನು ಜಗಳಕ್ಕೆ ನಿಂತಿದ್ದು ನಿನ್ ಮೇಲಲ್ಲ ಕಣೇ, ರಾಧಾಮಣಿ ಮೇಡಂ ಮೇಲೆ. ನೀನು ಬಾಗ್ಲು ಬಡಿದು ಹೋದ್ಮೇಲೆ, 'ಅವ್ರದು ನಾಲ್ಕು ಮನೆ ಶ್ರುತಿ. ಐದೂವರೆಗೆ ಏರ್ಸಿ ಗಂಟ್ಲು ಹರೀತಿದ್ದೀರ. ಆ ಹಿಂಸೆಗೆ ನಾನು ಕೈ ಜೋಡ್ಸಲ್ಲ' ಅಂದ!"

ಲೋಹಿತಾ ಅಲ್ಲೇ ಹೊಸ್ತಿಲ ಮೇಲೆ ಕೂತಳು.

ಅವಳದು ದಪ್ಪ ದನಿ, ತಗ್ಗಿನ ದನಿ. ಆದರೆ ಹುಡುಗಿಯರೆಂದರೆ ಶ್ರುತಿಪೆಟ್ಟಿಗೆಯ ಐದೂವರೆ ಮನೆ ಎಂಬುದು ವಿಭಾಗದ ರೂಢಿ. ಎರಡು ವರ್ಷ ಆ ಎತ್ತರಕ್ಕೆ ಕಿರುಚಿದ್ದಳು. ಮೇಲಿನ ಷಡ್ಜದಲ್ಲಿ ಗಂಟಲು ಒಡೆದಾಗಲೆಲ್ಲ ತಪ್ಪು ತನ್ನದೇ ಎಂದು ಅತ್ತಿದ್ದಳು. ಹೆಣ್ಣಿನ ದನಿ ಇಷ್ಟೇ ಸಣ್ಣಗಿರಬೇಕೆಂದು ಅಳತೆ ಕೊಟ್ಟವರು ಯಾರು? ಕೇಳಬೇಕಿದ್ದವಳು ತಾನು. ಕೇಳಿದ್ದು ಅವನು...

ನೇರ ರಾಧಾಮಣಿಯವರ ಕೋಣೆಗೆ ಹೋದಳು.

"ಮೇಡಂ, ನಾನು ನಾಲ್ಕು ಮನೆಗೇ ಹಾಡ್ತೀನಿ."

"ಗಂಡು ದನಿ ಅಂತಾರಮ್ಮ ಜನ."

"ಅನ್ಲಿ ಬುಡಿ. ದನಿ ನಂದು."

"ಮಾರ್ಕ್ಸ್ ಹೋದ್ರೆ?"

ಇದ್ದದ್ದು ಅದೊಂದೇ ಕೊನೆಯ ಪರೀಕ್ಷೆ. ಆದರೂ ಹೇಳಿದಳು: "ಹೋಗ್ಲಿ!"

ಹೊರಗೆ ಗೌರೀಶ್ ನಿಂತಿದ್ದ. "ನುಡಿಸ್ತೀರಾ?" ಎಂದಳು, ನೆಲ ನೋಡುತ್ತಾ.

"ತಗ್ಗು ಶ್ರುತಿಗೆ ದೊಡ್ಡ ಮೃದಂಗ ಬೇಕ್ರೀ, ಊರಲ್ಲೈತೆ. ಈಗ್ಲೇ ಬಸ್ಸು!" ಎಂದವನೇ ಓಡಿದ.

ಭಾನುವಾರ, ಮಧುಗಿರಿ ಬೆಟ್ಟದ ಕೆಳಗಿನ ಸಭಾಂಗಣ ಕಿಕ್ಕಿರಿದಿತ್ತು. ಲೋಹಿತಾ ಷಡ್ಜ ಹಿಡಿದಳು. ನೆಲದೊಳಗಿಂದ ಎದ್ದಂತಿತ್ತು ಆ ದನಿ! ಅದರ ಬೆನ್ನಿಗೇ ಗೌರೀಶನ ಮೃದಂಗ, ತಳ್ಳದೆ, ಎಳೆಯದೆ, ಜೊತೆಗೆ ನಡೆಯಿತು. ಮೇಲಿನ ಷಡ್ಜ ಬಂತು... ನಿಂತಿತು... ಒಡೆಯಲಿಲ್ಲ! ಮುಂದಿನ ಸಾಲಿನಲ್ಲಿ ರಾಧಾಮಣಿ ಮೇಡಂ ಮೈಮರೆತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಚಪ್ಪಾಳೆ ನಿಲ್ಲುವಷ್ಟರಲ್ಲಿ ಅವರೇ ವೇದಿಕೆಯ ಹಿಂದೆ ಬಂದು ಲೋಹಿತಾಳ ಕೈ ಹಿಡಿದುಕೊಂಡರು. "ತಪ್ಪು ನಂದು ಕಣಮ್ಮ. ನಂಗೂ ಹಿಂಗೇ ಕಲಿಸಿದ್ರು."

ಅವರು ಹೋದ ಮೇಲೆ ಇಬ್ಬರೇ ಉಳಿದರು.

"ನಂದು ನಾಲ್ಕು ಮನೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು?"

"ಊರಿಗೆ ಹೋಗೋ ಶನಿವಾರದ ಬಸ್ಸಲ್ಲಿ... ಕೊರಟಗೆರೆ ದಾಟಿದ್ರೆ ಸಾಕು, ನೀವು ಗುನುಗೋಕೆ ಶುರು ಮಾಡ್ತಿದ್ರಿ. ಮೂರು ತಿಂಗಳಿಂದ ನಿಮ್ ಹಿಂದಿನ ಸೀಟಲ್ಲೇ ಕೂರ್ತಿದ್ದೆ."

"ಮೂರು ತಿಂಗ್ಳಾ! ಮಾತಾಡ್ಸೋಕೆ ಏನಾಗಿತ್ತು?"

"ಮಾತಾಡ್ಸಿದ್ರೆ ಹಾಡು ನಿಲ್ಲಿಸ್ಬುಡ್ತಿದ್ರಲ್ಲ..."

ಲೋಹಿತಾಳ ಕಣ್ಣು ತುಂಬಿತು. ಮಾತು ಹೊರಳಿಸಲು ಹುಬ್ಬೇರಿಸಿದಳು. "ಇನ್ನೇನಾದ್ರೂ ಕೇಳೋದಿದ್ರೆ ನಮ್ಮಪ್ಪ ಅಲ್ಲೇ ಅವ್ರೆ."

"ಅವ್ರನ್ನ ಆಮೇಲೆ. ಮೊದ್ಲು ನಿಮ್ಮನ್ನ ಕೇಳ್ಬೇಕು." ಅವನು ಮೃದಂಗ ಬದಿಗಿಟ್ಟ. "ನಾನಂದ್ರೆ... ಇಷ್ಟಾನಾ?"

"ಹೂಂ ಕಣ್ರೀ," ಎಂದಳು ಲೋಹಿತಾ, ಅವನ ಕೆಂಪೇರಿದ ಅಂಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು. "ಯಾವತ್ತೋ!"