ಹಿಂದಿರುಗಿದ ಈದಿ ತಟ್ಟೆ

ರಂಜಾನ್ ಹಬ್ಬಕ್ಕೆ ಗಂಡಿನ ಮನೆಯಿಂದ ನಿಶ್ಚಯವಾದ ಹುಡುಗಿಗೆ ಹೋಗುವ ಈದಿ ತಟ್ಟೆಯನ್ನು ದಾಂಡೇಲಿಯಲ್ಲಿ ಯಾರೂ ಹಿಂದಿರುಗಿಸುವುದಿಲ್ಲ. ೨೦೦೮ರಲ್ಲಿ ಸಮ್ರೀನ ಹಿಂದಿರುಗಿಸಿದಳು. ಶಾವಿಗೆ, ಖರ್ಜೂರ, ಹಸಿರು ಬಳೆ, ಯಾವುದನ್ನೂ ಮುಟ್ಟಿರಲಿಲ್ಲ.

ಅವಳನ್ನು ಮದುವೆಯಾಗಬೇಕಿದ್ದ ಜುಬೇರ ಗ್ಯಾರೇಜಿನಲ್ಲಿ ಲಾರಿಯ ರಿಪೇರಿಯನ್ನು ಅರ್ಧಕ್ಕೇ ಬಿಟ್ಟು, ತಟ್ಟೆಯಲ್ಲಿದ್ದ ಬಳೆಗಳನ್ನು ಜೇಬಿಗಿಳಿಸಿ ಬಸ್‌ಸ್ಟ್ಯಾಂಡಿಗೆ ಬಂದ. ಹುಬ್ಬಳ್ಳಿ ಬಸ್ಸಿನಿಂದ ಸಮ್ರೀನ ತನ್ನ ತಾಯಿ ಸಕೀನಾಳ ಕೈಹಿಡಿದು ಇಳಿದಳು.

"ಬಿ.ಎಸ್ಸಿ. ಮುಗೀತು, ಗ್ರೀಸ್ ಕೈಯವ ಬ್ಯಾಡಾದ. ಹೌದಲ್ಲ?" ಎಂದ ಜುಬೇರ.

ಅವಳ ಕಣ್ಣು ಅವನ ಕೈಬೆರಳುಗಳ ಮೇಲೆ ನಿಂತು ನಕ್ಕಿತು, ಆಮೇಲೆ ತುಂಬಿಕೊಂಡಿತು.

"ಆ ವಾಸನಿ ಬಂದ್ರ ಸಾಕು, ಯಾರ ಬಂದ್ರು ಅಂತ ನಾ ತಿರುಗಿ ನೋಡೂದ ಬ್ಯಾಡ. ಅದಲ್ಲರೀ. ಅಮ್ಮಿಗಿರೋ ಜೀನ್ ದೋಷ ನನಗೂ ಐತಿ. ರಕ್ತದ ರಿಪೋರ್ಟ್ ಬಂತು. ಕ್ಯಾನ್ಸರ್ ಇಲ್ಲ, ಮುಂದ ಬರಬಹುದು. ನೀವು ಬ್ಯಾರೆ ಹುಡುಗೀನ ನೋಡ್ರಿ."

ಸಕೀನಾಳ ಸ್ತನ ಕ್ಯಾನ್ಸರ್ ಲಿವರ್‌ವರೆಗೆ ಹಬ್ಬಿತ್ತು. ಆ ದೋಷವನ್ನೇ ಗುರಿಯಾಗಿಟ್ಟುಕೊಂಡ, ಇನ್ನೂ ಅಂಗಡಿಗೆ ಬಾರದ ಔಷಧಿಯ ಪ್ರಯೋಗಕ್ಕೆ ಅವಳು ತಾನಾಗಿಯೇ ಸೇರಿದ್ದಳು. ಬೆಳಿಗ್ಗೆ, ಸಂಜೆ ಒಂದೊಂದು ಮುಷ್ಟಿ ಕ್ಯಾಪ್ಸೂಲ್.

"ಆ ಗುಳಿಗಿ ಹೆಂಗ ಕೆಲಸ ಮಾಡ್ತಾವ?" ಜುಬೇರ ಕೇಳಿದ.

"ಜೀವಕೋಶ ತನ್ನನ್ನ ತಾನ ರಿಪೇರಿ ಮಾಡ್ಕೊಳ್ತೈತಿ," ಎಂದಳು ಸಮ್ರೀನ. "ಅಮ್ಮಿ ಕ್ಯಾನ್ಸರ್ ಕೋಶದಾಗ ಒಂದು ರಿಪೇರಿ ದಾರಿ ಮೊದಲ ಕೆಟ್ಟೈತಿ. ಗುಳಿಗಿ ಇನ್ನೊಂದನ್ನೂ ಮುಚ್ತೈತಿ. ಆಗ ಆ ಕೋಶ ಸಾಯ್ತೈತಿ."

"ಅಂದ್ರ ಗ್ಯಾರೇಜ್ ಬಂದ್ ಮಾಡಸೂ ಔಷಧಿ! ನಮ್ಮ ಹೊಟ್ಟಿ ಮ್ಯಾಲ ಹೊಡೀತಲ್ಲ, ಖಾಲಾ."

ಸಕೀನಾ ನಕ್ಕಳು. "ಇವತ್ತು ಸ್ಕ್ಯಾನ್ ಆತಪಾ. ಗಂಟು ಅರ್ಧಕ್ಕ ಇಳದಾವ. ಎಷ್ಟು ದಿನ ಹಿಂಗ ಅಂತ ಡಾಕ್ಟರಿಗೂ ಗೊತ್ತಿಲ್ಲ." ಮಗಳತ್ತ ತಿರುಗಿದಳು. "ನಾ ಯಾಕ ಅವನ್ನ ನುಂಗತೇನಿ? ನಾಳೆ ನಿನ್ನಂಥಾಕಿಗೆ ಡಾಕ್ಟರ್ ಹತ್ರ ಏನರ ಇರ್ಲಿ ಅಂತ. ನೀ ಹೆದರಿ ತಟ್ಟಿ ವಾಪಸ್ ಕಳಸ್ಲಿ ಅಂತಲ್ಲ!"

ಸಮ್ರೀನ ತಲೆ ತಗ್ಗಿಸಿದಳು.

"ನಾಳಿಂದು ನನಗೂ ಗೊತ್ತಿಲ್ಲ," ಎಂದ ಜುಬೇರ. "ಆಸ್ಪತ್ರಿಗೆ ಹೋಗೂದು ಬಂದ್ರ ಗಾಡಿ ನಾ ಹೊಡೀತೇನಿ. ಹಬ್ಬ ಬಂದ್ರ ಶೀರ್ ಖುರ್ಮಾ ನೀ ಮಾಡು."

"ನಾ ಮಾಡಿದ್ದು ತಿಂದ್ರ ನೀವ ಆಸ್ಪತ್ರಿ ಸೇರ್ತೀರಿ."

ಹಾಗೆನ್ನುತ್ತಲೇ ಅವಳು ಕೈ ಮುಂದೆ ಚಾಚಿದಳು. ಸಕೀನಾ ಬಸ್ಸಿನ ಬೋರ್ಡ್ ಓದುವುದರಲ್ಲಿ ಮುಳುಗಿಹೋದಳು. ಜುಬೇರ ಬೆರಳುಗಳನ್ನು ಎಷ್ಟು ಒರೆಸಿಕೊಂಡರೂ, ಬಳೆ ತೊಡಿಸುವಾಗ ಅವಳ ಬಿಳಿ ತೋಳಿನ ಮೇಲೆ ಒಂದು ಕಪ್ಪು ಬೆರಳಚ್ಚು ಮೂಡಿತು.

"ದುಪಟ್ಟಾ ಹೊಚ್ಕೋ, ಕಾಣಸ್ತೈತಿ," ಎಂದಳು ಸಕೀನಾ.

"ಕಾಣ್ಲಿ ಬಿಡು, ಅಮ್ಮಿ."

ತಾಯಿಯ ತೋಳು ಹಿಡಿದು, ತಲೆಯೆತ್ತಿ, ಅವಳು ಪೇಟೆಯ ನಡುವಿನಿಂದಲೇ ಮನೆಗೆ ನಡೆದಳು.